ಕುಣಿಯುವ ಮುನ್ನ ಮೈ ಕಾಯಲಿ



ಹಲಗೆ ಬಾರಿಸುವವರನ್ನು ನೀವು ನೋಡಿರುತ್ತೀರಿ. ಬಾರಿಸುವುದಕ್ಕೆ ಮೊದಲು ಅವರು ಒಂದಿಷ್ಟು ಹುಲ್ಲು, ಕಸಕಡ್ಡಿ ಒಟ್ಟಿ ಬೆಂಕಿ ಮಾಡುತ್ತಾರೆ. ಹಲಗೆಯ ಚರ್ಮವನ್ನು ಬೆಂಕಿಯ ಮುಂದೆ ಹಿಡಿಯುತ್ತಾರೆ, ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ, ಸಾಲದೆಂದು ಮತ್ತೆ ಹಿಡಿಯುತ್ತಾರೆ. ಮೆರವಣಿಗೆ ಎಲ್ಲಾದರೂ ಅರ್ಧ ಗಂಟೆ ನಿಂತುಬಿಟ್ಟರೆ ಪುನಃ ಬೆಂಕಿ ಹುಡುಕಿಕೊಂಡು ಹೋಗುತ್ತಾರೆ. ಇಂದಿನ ನಮ್ಮ ಮಾತು ಹಲಗೆಯದಲ್ಲ, ಅದರ ನಾದಕ್ಕೆ ಕುಣಿಯುವವರದು. ಆದರೆ ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಹಲಗೆಯೇ. ಅದೂ ಒಬ್ಬ ಹುಡುಗಿಯ ಕಾಲಿಗೆ ಪೆಟ್ಟಾದ ಮೇಲೆ.

ನಾನು ಕೆಲಸಕ್ಕೆ ಸೇರಿ ಆಗ ಮೂರೋ ನಾಲ್ಕೋ ವರ್ಷವಾಗಿತ್ತು. ಡಿಸೆಂಬರ್ ತಿಂಗಳು. ಬಾಗಲಕೋಟೆಯಿಂದ ಬೆಳಗಾವಿಯ ಕಡೆಗೆ ಹೋಗುವ ದಾರಿಯಲ್ಲಿ, ಗದ್ದನಕೇರಿ ದಾಟಿ ಕಲಾದಗಿ ತಲುಪುವ ಮೊದಲು ತುಳಸಿಗೇರಿ ಸಿಗುತ್ತದೆ. ಹನುಮಪ್ಪನ ಗುಡಿಯಿಂದಾಗಿ ಆ ಸೀಮೆಯಲ್ಲೆಲ್ಲ ಹೆಸರಾದ ಊರು. ಅಲ್ಲಿನ ಬಯಲಿನಲ್ಲಿ ವೇದಿಕೆ ಹಾಕಿ ಜನಪದ ನೃತ್ಯವೊಂದನ್ನು ಚಿತ್ರೀಕರಿಸುವುದಿತ್ತು. ಕಾಲೇಜು ಓದುವ ಹತ್ತು ಮಂದಿ ಹುಡುಗಿಯರು, ಜೊತೆಗೆ ಊರಿನ ಹಲಗೆ ಮೇಳ. ಆರು ಗಂಟೆಗೆ ಆರಂಭ ಎಂದು ಹೇಳಿದವನು ನಾನೇ. ಹುಡುಗಿಯರು ಐದು ಗಂಟೆಗೇ ಬಂದು, ಅಂಗಳದಲ್ಲಿ ಎರಡು ಸುತ್ತು ಓಡಿ, ಇಡೀ ನೃತ್ಯವನ್ನು ಒಮ್ಮೆ ಕುಣಿದು, ಬೆವರು ಒರೆಸಿಕೊಂಡು ಸಿದ್ಧರಾದರು. ಆಮೇಲೆ ಜನರೇಟರ್ ಕೈಕೊಟ್ಟಿತು. ಅದು ಸರಿಯಾಯಿತು ಎನ್ನುವಾಗ ಒಂದು ಕೇಬಲ್ ಕೆಟ್ಟಿತು. "ಇನ್ನು ಹತ್ತೇ ನಿಮಿಷ" ಎಂದು ನಾನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಗಂಟೆ ಎಂಟೂಕಾಲಾಯಿತು. ಬಯಲುಸೀಮೆಯ ಒಣಗಾಳಿ ಬೀಸುತ್ತಿತ್ತು. ತೆಳ್ಳಗಿನ ಕುಪ್ಪಸ ತೊಟ್ಟ ಹುಡುಗಿಯರು ವೇದಿಕೆಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಕೂತಿದ್ದರು.

ಕೊನೆಗೆ "ಎಲ್ಲಾ ರೆಡಿ" ಎಂದೆ. ಹಲಗೆ ಮೇಳದ ಹಿರಿಯರೊಬ್ಬರು ಎದ್ದು, "ಸಾಹೇಬ್ರ, ಒಂದಿಷ್ಟು ತಡೀರಿ. ಹಲಗಿ ತಣ್ಣಗಾಗ್ಯಾವು, ಕಾಸ್ಕೊಂಡ ಬರ್ತೀವಿ" ಎಂದರು. ಒಪ್ಪಿದೆ. ನಾದ ಸಪ್ಪೆಯಾದರೆ ನನ್ನ ಕಾರ್ಯಕ್ರಮವೇ ಸಪ್ಪೆ ಅಲ್ಲವೇ! ಅವರು ಐದು ನಿಮಿಷ ಹಲಗೆ ಕಾಯಿಸಿದರು. ಆ ಐದು ನಿಮಿಷವೂ ಹುಡುಗಿಯರು ಕೂತೇ ಇದ್ದರು. ನೃತ್ಯ ಆರಂಭವಾಗುವುದೇ ಒಂದು ಜಿಗಿತದಿಂದ. ಮೂರನೆಯ ಜಿಗಿತಕ್ಕೆ ಸಾಲಿನ ತುದಿಯ ಹುಡುಗಿ ನೆಲಕ್ಕೆ ಕೂತಳು. ಜಾರಿದಳೆಂದುಕೊಂಡೆ. ಅವಳು ಎರಡೂ ಕೈಗಳಿಂದ ಮೀನಖಂಡ ಹಿಡಿದುಕೊಂಡು ಹಿಂದೆ ತಿರುಗಿ ನೋಡುತ್ತಿದ್ದಳು. ಹಿಂದಿನಿಂದ ಯಾರೋ ಕಲ್ಲು ಎಸೆದ ಹಾಗಾಯಿತಂತೆ. ಯಾರೂ ಎಸೆದಿರಲಿಲ್ಲ. ಮೀನಖಂಡದ ಸ್ನಾಯು ಹರಿದಾಗ ಹೀಗೆಯೇ ಅನಿಸುತ್ತದೆಂದು ಆ ರಾತ್ರಿ ವೈದ್ಯರು ತಿಳಿಸಿದರು. ಸ್ನಾಯು ಪೂರ್ತಿ ಹರಿದಿರಲಿಲ್ಲ, ಅರೆಬರೆ ಹರಿದಿತ್ತು. ಆರು ವಾರ ಕುಣಿಯುವ ಹಾಗಿಲ್ಲ ಎಂದರು. ಅವಳು ವರ್ಷವಿಡೀ ತಯಾರಿ ನಡೆಸಿದ್ದ ಯುವಜನೋತ್ಸವಕ್ಕೆ ಉಳಿದಿದ್ದದ್ದು ನಾಲ್ಕೇ ವಾರ.

ಸಾಮಾನು ಕಟ್ಟುವಾಗ ಹಲಗೆಯ ಹಿರಿಯರು ಹತ್ತಿರ ಬಂದು ಕೇಳಿದರು: "ಹಲಗಿ ಕಾಸಾಕ ಟೈಮ್ ಕೊಟ್ರಿ. ಆ ಕೂಸಿನ ಕಾಲಿಗೆ ಯಾಕ ಕೊಡಲಿಲ್ರಿ?" ಬೈಗುಳದ ದನಿಯಲ್ಲ, ನಿಜವಾಗಿಯೂ ಕೇಳಿದ ಪ್ರಶ್ನೆ. ನಾನು ವಿಜ್ಞಾನದ ಪದವೀಧರ. ಉತ್ತರ ನನ್ನ ಪಠ್ಯಪುಸ್ತಕಗಳಲ್ಲೇ ಇತ್ತು, ಆದರೆ ಬಾಯಿಗೆ ಬರಲಿಲ್ಲ.

ಕನ್ನಡದಲ್ಲಿ 'ಕಾಯುವುದು' ಎಂಬ ಮಾತಿಗೆ ದಾರಿ ನೋಡುವುದು ಎಂಬ ಅರ್ಥವೂ ಇದೆ, ಬಿಸಿಯಾಗುವುದು ಎಂಬ ಅರ್ಥವೂ ಇದೆ. ಆ ಹುಡುಗಿಯರು ಎರಡು ಗಂಟೆಗೂ ಹೆಚ್ಚು ಕಾದರು, ಆದರೆ ಅವರ ಮೈ ಕಾಯಲಿಲ್ಲ. ನೀವು ಗ್ಯಾದರಿಂಗ್‌ನಲ್ಲಿ, ಪ್ರತಿಭಾ ಕಾರಂಜಿಯಲ್ಲಿ, ಅಂತರಕಾಲೇಜು ಸ್ಪರ್ಧೆಯಲ್ಲಿ ಕುಣಿಯುವವರಾದರೆ ನಿಮ್ಮ ಪಾಡೂ ಹೆಚ್ಚು ಕಡಿಮೆ ಇದೇ. ಬೆಳಿಗ್ಗೆ ಅಭ್ಯಾಸ ಮಾಡಿ ಬೆವರು ಹರಿಸಿರುತ್ತೀರಿ, ಸರದಿ ಬರುವುದು ಸಂಜೆಗೆ. 'ಆಗಲೇ ವಾರ್ಮ್-ಅಪ್ ಮಾಡಿದ್ದೇವಲ್ಲ' ಎಂಬ ಧೈರ್ಯ ಬೇರೆ.

ಆ ಧೈರ್ಯ ಏಕೆ ಸುಳ್ಳು ಎಂಬುದನ್ನು ನೋಡೋಣ. ನಮ್ಮ ಸ್ನಾಯು ಒಂದು ಎಂಜಿನ್ ಇದ್ದಂತೆ. ಅದು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಲನೆಯಾಗುತ್ತದೆ, ಉಳಿದ ಮುಕ್ಕಾಲು ಭಾಗ ಶಾಖವಾಗುತ್ತದೆ. ಎಂಜಿನ್ನಿನಲ್ಲಿ ಅದು ನಷ್ಟ, ನಮಗಿಲ್ಲಿ ಲಾಭ. ಸುಮ್ಮನೆ ಕೂತಿರುವಾಗ ಕಾಲಿನ ಸ್ನಾಯುಗಳ ಉಷ್ಣತೆ ದೇಹದ ನಡುಭಾಗದ 37 ಡಿಗ್ರಿ ಸೆಲ್ಸಿಯಸ್‌ಗಿಂತ ಒಂದೆರಡು ಡಿಗ್ರಿ ಕಡಿಮೆ ಇರುತ್ತದೆ, ಚಳಿಯಲ್ಲಿ ಇನ್ನೂ ಕಡಿಮೆ. ಚುರುಕಾಗಿ ನಡೆಯಲು, ಓಡಲು ತೊಡಗಿದರೆ ಮೊದಲ 3ರಿಂದ 5 ನಿಮಿಷಗಳಲ್ಲಿ ಉಷ್ಣತೆ ಬೇಗ ಬೇಗ ಏರುತ್ತದೆ. 10ರಿಂದ 20 ನಿಮಿಷಗಳ ನಡುವೆ ಒಂದು ಮಟ್ಟ ತಲುಪಿ ಅಲ್ಲೇ ನಿಲ್ಲುತ್ತದೆ. ಆಮೇಲೆ ಮುಕ್ಕಾಲು ಗಂಟೆ ಬಡಿದಾಡಿದರೂ ಸ್ನಾಯು ಹೆಚ್ಚೇನೂ ಕಾಯುವುದಿಲ್ಲ. ವೇದಿಕೆಗೆ ಬೇಕಾದ ಶಕ್ತಿ ಮಾತ್ರ ಅಂಗಳದಲ್ಲಿ ಖರ್ಚಾಗುತ್ತದೆ. ಇನ್ನು ಸುಮ್ಮನೆ ಕೂತರೋ, 15-20 ನಿಮಿಷಗಳಲ್ಲಿ ಗಳಿಸಿದ್ದರ ಗಣನೀಯ ಭಾಗ ಕರಗಿಹೋಗುತ್ತದೆ. ತುಳಸಿಗೇರಿಯಲ್ಲಿ ಐದು ಗಂಟೆಗೆ ಗಳಿಸಿದ ಶಾಖದಲ್ಲಿ ಎಂಟೂಕಾಲಿಗೆ ಏನೂ ಉಳಿದಿರಲಿಲ್ಲ.

ಎರಡು ಮೂರು ಡಿಗ್ರಿಯಿಂದ ಏನಾದೀತು ಎಂದು ಕೇಳಬಹುದು. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂದು ಪಿಯುಸಿಯಲ್ಲಿ ಓದಿರುತ್ತೀರಿ. ಆ ಲೆಕ್ಕದಲ್ಲಿ 2-3 ಡಿಗ್ರಿಗೆ ನೂರಕ್ಕೆ 15ರಿಂದ 23ರಷ್ಟು ವೇಗ ಹೆಚ್ಚಬೇಕು. ಇದು ಕಾಗದದ ಮೇಲಿನ ಲೆಕ್ಕ. ಮನುಷ್ಯರ ಕಾಲಿನ ಮೇಲೆ ಅಳೆದಾಗ, ಸ್ನಾಯುವಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಅದರ ತಕ್ಷಣದ ಸಾಮರ್ಥ್ಯ ಸುಮಾರು ನೂರಕ್ಕೆ 4ರಷ್ಟು ಏರುವುದು ಕಂಡುಬಂದಿದೆ. ಬಿಸಿಯಾದ ಸ್ನಾಯುವಿಗೆ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ನರಗಳ ಸಂದೇಶವೂ ಚುರುಕಾಗುತ್ತದೆ. ಕೀಲುಗಳ ಒಳಗಿನ ಜಾರು ದ್ರವದ ಮಾತೂ ಹೀಗೆಯೇ. ಚಕ್ಕಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ಚಳಿಗೆ ಗಟ್ಟಿಯಾಗಿ, ಗಾಲಿ ನಾಲ್ಕು ಸುತ್ತು ತಿರುಗಿದ ಮೇಲೆ ಸಡಿಲಾಗುವುದಿಲ್ಲವೇ? ಇವು ತೀರ ಹೊಸ ಸಂಗತಿಗಳೂ ಅಲ್ಲ. ಆಸ್ಮುಸೆನ್ ಮತ್ತು ಬೋಯೆ ಎಂಬ ಇಬ್ಬರು ಡೆನ್ಮಾರ್ಕಿನ ಶರೀರವಿಜ್ಞಾನಿಗಳು, ಸ್ನಾಯು ಬಿಸಿಯಾದಷ್ಟೂ ಅದೇ ಕೆಲಸ ಬೇಗ ಮುಗಿಯುತ್ತದೆಂದು ಸೈಕಲ್ ತುಳಿಸಿ ತೋರಿಸಿದ್ದು 1945ರಲ್ಲಿ.

ಚರ್ಮವಾದ್ಯಕ್ಕೂ ಮೈಗೂ ಒಂದು ವ್ಯತ್ಯಾಸವಿದೆ, ಇಲ್ಲೇ ಹೇಳಿಬಿಡುತ್ತೇನೆ. ಹಲಗೆಯ ಚರ್ಮ ಬಿಸಿಗೆ ತೇವ ಕಳೆದುಕೊಂಡು ಬಿಗಿಯಾಗುತ್ತದೆ, ನಮ್ಮ ಸ್ನಾಯು ಬಿಸಿಗೆ ಸಡಿಲವಾಗುತ್ತದೆ. ಎರಡಕ್ಕೂ ಸಮಾನವಾದದ್ದು, ಹದ ಬಹಳ ಹೊತ್ತು ನಿಲ್ಲುವುದಿಲ್ಲ ಎಂಬುದು.

ಆ ಘಟನೆಯ ಮರುದಿನ ಬೆಳಿಗ್ಗೆ ಊರು ಬಿಡುವ ಮೊದಲು ಮಲ್ಲಕಂಬದ ಹುಡುಗರನ್ನು ನೋಡಿದೆ. ಆಳೆತ್ತರಕ್ಕೂ ಮಿಗಿಲಾದ, ಎಣ್ಣೆ ಹಚ್ಚಿ ನುಣುಪಾದ ಮರದ ಕಂಬ. ಅದರ ತುದಿಯಲ್ಲಿ ತಲೆಕೆಳಗಾಗಿ ನಿಲ್ಲುವ ಹುಡುಗ ಮೊದಲು ಕಂಬವನ್ನು ಮುಟ್ಟಲೇ ಇಲ್ಲ. ಗುಂಪಿನ ಜೊತೆ ಓಡಿದ. ಬಸ್ಕಿ ಹೊಡೆದ, ದಂಡ ತೆಗೆದ. ತೋಳು, ಮಣಿಕಟ್ಟು, ಕತ್ತು ತಿರುಗಿಸಿದ. ಆಮೇಲೆ ಕಂಬಕ್ಕೆ ಬಂದರೂ ಮೊದಲು ಹತ್ತಿದ, ಇಳಿದ, ಅಷ್ಟೇ. ಮತ್ತೆ ಹತ್ತಿ ಸುಲಭದ ಒಂದು ಹಿಡಿತ. ಹೀಗೆ ನಾಲ್ಕನೆಯ ಸಲಕ್ಕೆ ತಲೆಕೆಳಗಾದ. ಈ ನಾಡನ್ನಾಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವಿದೆ. ಅದರಲ್ಲಿ ಮಲ್ಲವಿನೋದವೂ ಇದೆ, ನೃತ್ಯವಿನೋದವೂ ಇದೆ. ಜಟ್ಟಿಗಳ ಸಾಧನೆಗಳಲ್ಲಿ ಭಾರ ಎತ್ತುವ ಶ್ರಮ, ನಡೆದಾಡುವ ಶ್ರಮ, ಈಜುವ ಶ್ರಮಗಳ ಜೊತೆಗೆ ಕಂಬದ ಶ್ರಮವನ್ನೂ ಅದು ಹೇಳುತ್ತದೆ. ಜಟ್ಟಿಗೂ ನರ್ತಕಿಗೂ ಒಂದೇ ಪುಸ್ತಕದಲ್ಲಿ ಜಾಗ ಕೊಟ್ಟ ದೊರೆ ಅವನು. ನಾವು ಗರಡಿಮನೆಯನ್ನು ಒಂದು ಕಡೆಗೂ ನಾಟ್ಯಶಾಲೆಯನ್ನು ಇನ್ನೊಂದು ಕಡೆಗೂ ಇಟ್ಟು ನಡುವೆ ಗೋಡೆ ಕಟ್ಟಿದ್ದೇವೆ. ಆ ಗೋಡೆಯಲ್ಲಿ ಒಂದು ಕಿಟಕಿಯಾದರೂ ಬೇಡವೇ ಎಂದು ನನಗೆ ಅನ್ನಿಸುತ್ತದೆ.

ಆ ಹುಡುಗನ ಕ್ರಮವನ್ನು ನೃತ್ಯಕ್ಕೆ ಒಗ್ಗಿಸಿಕೊಂಡರೆ ನಿಮಗೆ ಬೇಕಾದದ್ದು 15 ನಿಮಿಷ. ಮೊದಲ ಐದು ನಿಮಿಷ ಕೇವಲ ಶಾಖಕ್ಕಾಗಿ: ಚುರುಕು ನಡಿಗೆ, ನಿಧಾನ ಓಟ, ಜಾಗವಿಲ್ಲದಿದ್ದರೆ ನಿಂತಲ್ಲೇ ಹೆಜ್ಜೆ. ಸಾಕಾಯಿತೆಂದು ತಿಳಿಯುವುದು ಹೇಗೆ? ಹಣೆಯಲ್ಲಿ ತೆಳುವಾಗಿ ಬೆವರು ಮೂಡಿರಬೇಕು. ಪಕ್ಕದವಳೊಡನೆ ಮಾತಾಡಲು ಆಗಬೇಕು, ಹಾಡಲು ಕಷ್ಟವಾಗಬೇಕು. ನಂತರ ಕೀಲುಗಳು: ಹಿಮ್ಮಡಿ ಎತ್ತಿ ಇಳಿಸುವುದು, ಪಾದ ತಿರುಗಿಸುವುದು, ಕಾಲನ್ನು ಲೋಲಕದಂತೆ ಹಿಂದೆ ಮುಂದೆ ಬೀಸುವುದು, ಸೊಂಟ, ಬೆನ್ನು, ಭುಜ. ಇಲ್ಲಿ ಎಲ್ಲವೂ ಚಲನೆಯಲ್ಲೇ ಇರಲಿ. ಎಳೆದು ಹಿಡಿದು ನಿಲ್ಲುವುದು ಬೇಡ, ಕಾರಣ ಮುಂದೆ ಹೇಳುತ್ತೇನೆ. ಕೊನೆಯ ಭಾಗಕ್ಕೆ ಹೊಸದೇನನ್ನೂ ಕಲಿಯಬೇಕಾಗಿಲ್ಲ. ನಿಮ್ಮ ನೃತ್ಯದ ಹೆಜ್ಜೆಗಳೇ ಸಾಕು. ಭರತನಾಟ್ಯ ಕಲಿತವರು ಅಡವುಗಳನ್ನು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಎಂದು ವೇಗ ಇಮ್ಮಡಿಸುತ್ತಾ ಮಾಡುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಕ್ರಮ ಯಾವ ದೇಶದ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಡೊಳ್ಳು, ಕೋಲಾಟ, ಸಿನಿಮಾ ಹಾಡು ಯಾವುದಾದರೂ ಸರಿ, ಅದರ ಅತಿ ಕಷ್ಟದ ಹೆಜ್ಜೆಯನ್ನು ಅರ್ಧ ವೇಗದಲ್ಲಿ, ನಂತರ ನಿಜವಾದ ವೇಗದಲ್ಲಿ ಎರಡು ಮೂರು ಸಲ ಮಾಡಿ. ಜಿಗಿತವಿದ್ದರೆ ಗೇಣುದ್ದದ ಜಿಗಿತ, ಆಮೇಲೆ ಮೊಳದುದ್ದದ್ದು, ಆಮೇಲೆ ಪೂರ್ತಿ. ತುಳಸಿಗೇರಿಯ ಆ ಮೂರನೆಯ ಜಿಗಿತ ಅಂದಿನ ಅವಳ ಮೂವತ್ತನೆಯ ಜಿಗಿತವಾಗಿದ್ದರೆ ಎಂದು ಈಗಲೂ ಯೋಚಿಸುತ್ತೇನೆ.

ಭರತನಾಟ್ಯ ಕಛೇರಿಯ ಮೊದಲ ಬಂಧವಾದ ಅಲರಿಪು ಕಣ್ಣು, ಕತ್ತು, ಭುಜಗಳಿಂದ ತೊಡಗಿ ಮೈಯನ್ನು ಅರಳಿಸುತ್ತದೆ. ಹಳಗನ್ನಡದಲ್ಲಿ ಅಲರು ಎಂದರೆ ಹೂವು, ಅರಳುವುದು. ಹಾಗಾದರೆ ವಾರ್ಮ್-ಅಪ್ ನೃತ್ಯದೊಳಗೇ ಇದೆ ಎಂದು ಕೆಲವರು ವಾದಿಸುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಅಲರಿಪುವಿನಲ್ಲೂ ಅರಮಂಡಿ ಉಂಟು, ಪೂರ್ಣ ಕೂರುವುದು ಉಂಟು. ತಣ್ಣಗಿನ ಮೊಣಕಾಲಿಗೆ ಅದು ಹೆಚ್ಚಾಯಿತು. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲರ ಕುಣಿತವಿದೆ, ಕಿರಿಯರಿಗೆ ಅದು ಮೈ ಬಿಸಿಯೂ ಹೌದು ಪಾಠವೂ ಹೌದು. ಆದರೆ ನಡುರಾತ್ರಿಯ ಮೇಲೆ ರಂಗಕ್ಕೆ ಬರುವ ವೇಷಧಾರಿಗೆ ಅದರಿಂದೇನು ಪ್ರಯೋಜನ? ಚೌಕಿಯಲ್ಲಿ ಅವರವರ ಮೈಯನ್ನು ಅವರವರೇ ಕಾಯಿಸಿಕೊಳ್ಳಬೇಕು.

ಈಗ ಎಳೆದು ಹಿಡಿದು ನಿಲ್ಲುವ ಮಾತು. ಕುಣಿತಕ್ಕೆ ಮುಂಚೆ ನೆಲಕ್ಕೆ ಕೂತು, ಕಾಲು ಚಾಚಿ, ಹೆಬ್ಬೆರಳು ಹಿಡಿದು ನಿಮಿಷಗಟ್ಟಲೆ ಬಾಗಿರುವುದನ್ನೇ ವಾರ್ಮ್-ಅಪ್ ಎಂದು ಬಹುಕಾಲ ಕಲಿಸಿದರು. ನಾನೂ ಹಾಗೆಯೇ ಕಲಿತೆ. ಈಚಿನ ಸಂಶೋಧನೆಗಳು ಬೇರೆ ಹೇಳುತ್ತವೆ. ಒಂದೇ ಸ್ನಾಯುವನ್ನು 60 ಸೆಕೆಂಡಿಗೂ ಮಿಕ್ಕಿ ಎಳೆದು ಹಿಡಿದರೆ ಸ್ವಲ್ಪ ಹೊತ್ತು ಅದರ ಬಲ ಕುಂದುತ್ತದೆ. 30 ಸೆಕೆಂಡಿನ ಒಳಗಾದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಅಲ್ಲದೆ ಸುಮ್ಮನೆ ಎಳೆದು ಕೂತರೆ ಶಾಖ ಹುಟ್ಟುವುದೂ ಇಲ್ಲ. ಮೈ ಬಳುಕಲೆಂದು ಮಾಡುವ ದೀರ್ಘ ಎಳೆತಗಳನ್ನು ಕುಣಿದಾದ ಮೇಲೆ, ಮೈ ಬಿಸಿ ಇರುವಾಗ ಮಾಡಿ.

ಇನ್ನೊಂದು ಮೋಸ ನೋವಿನ ಮುಲಾಮಿನದು. ಕಾಲಿಗೆ ತಿಕ್ಕಿಕೊಂಡರೆ ಉರಿಉರಿಯಾಗಿ ಬಿಸಿ ಏರಿತೆಂದು ಅನಿಸುತ್ತದೆ. ಊಟದಲ್ಲಿ ರಂಜಕ ನೆಕ್ಕಿದಾಗ ಬಾಯಿ ಸುಟ್ಟಂತಾಗುತ್ತದೆ, ಥರ್ಮಾಮೀಟರ್ ಇಟ್ಟರೆ ಬಾಯಿ ಬಿಸಿಯಾಗಿರುವುದಿಲ್ಲ. ಸುಮಾರು 43 ಡಿಗ್ರಿಗೆ ತೆರೆದುಕೊಳ್ಳಬೇಕಾದ ನರದ ಬಾಗಿಲೊಂದನ್ನು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಸುಮ್ಮಸುಮ್ಮನೆ ತೆರೆಯುತ್ತದೆ. ಆ ಬಾಗಿಲನ್ನು ಪತ್ತೆಹಚ್ಚಿದ್ದಕ್ಕೆ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು. ಮುಲಾಮುಗಳೂ ಇಂಥದೇ ಆಟವಾಡುತ್ತವೆ. ಚರ್ಮ 'ಬಿಸಿ' ಎನ್ನುತ್ತದೆ, ಒಳಗಿನ ಸ್ನಾಯು ತಣ್ಣಗೇ ಇರುತ್ತದೆ.

ಉಳಿದದ್ದು ಎಲ್ಲಕ್ಕಿಂತ ಕಷ್ಟದ ಸಂಗತಿ: ಸರದಿ ಯಾವಾಗ ಬರುತ್ತದೆಂದು ತಿಳಿಯದಿರುವುದು, ಮತ್ತು ವೇಷ. ಬಣ್ಣ, ಜಡೆ, ಆಭರಣಕ್ಕೆ ಒಂದೆರಡು ಗಂಟೆ ಹಿಡಿಯುತ್ತದೆ. ಜರತಾರಿ ಉಡುಪಿನಲ್ಲಿ ಓಡಲು ಆಗುವುದಿಲ್ಲ, ಬೆವರಿದರೆ ಬಣ್ಣ ಇಳಿಯುತ್ತದೆ. ಹಾಗಾಗಿ ಕೆಲಸವನ್ನು ಎರಡು ಪಾಲು ಮಾಡಿ. ಬಣ್ಣ ಮುಗಿದು ವೇಷ ತೊಡುವುದಕ್ಕೆ ಮುಂಚೆ, ಬೆವರು ಹರಿಯದ ಹದದಲ್ಲಿ 15 ನಿಮಿಷದ ಕ್ರಮ. ವೇಷ ತೊಟ್ಟ ಮೇಲೆ ಗಳಿಸಿದ ಶಾಖ ಕಾಪಾಡಿಕೊಳ್ಳುವುದು. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವಾರ್ಮ್-ಅಪ್ ಮುಗಿಸಿ ಅರ್ಧ ಗಂಟೆ ಕಾಯಬೇಕಾದ ಸೈಕಲ್ ಸವಾರರಿಗೆ ವಿದ್ಯುತ್ತಿನಿಂದ ಬಿಸಿಯಾಗುವ ಪ್ಯಾಂಟು ತೊಡಿಸಿದರು. ಮಾಮೂಲಿ ಪ್ಯಾಂಟಿನಲ್ಲಿ ಕಾದಾಗಿಗಿಂತ ಅವರ ಗರಿಷ್ಠ ಸಾಮರ್ಥ್ಯ ಸುಮಾರು ನೂರಕ್ಕೆ 9ರಷ್ಟು ಹೆಚ್ಚಿತ್ತು. ಆ ಪ್ಯಾಂಟು ನಮಗೆಲ್ಲಿ ಸಿಗಬೇಕು! ಆದರೆ ಬಾಗಲಕೋಟೆ ಸೀಮೆಯಲ್ಲಿ ಕಂಬಳಿಗೆ ಬರವಿಲ್ಲ. ವೇಷದ ಮೇಲೆ ಸೊಂಟದಿಂದ ಕೆಳಗೆ ಕಂಬಳಿಯೋ ಶಾಲೋ ಸುತ್ತಿಕೊಳ್ಳಿ, ಕಾಲಿಗೆ ಸಾಕ್ಸ್ ಹಾಕಿಕೊಳ್ಳಿ, ಬರಿಯ ಕಲ್ಲಿನ ಮೇಲೆ ಕೂರಬೇಡಿ. ಸರದಿಗೆ ಐದು ನಿಮಿಷ ಇರುವಾಗ ಎದ್ದು, ಸಾಕ್ಸ್ ತೆಗೆದು, ನಿಂತಲ್ಲೇ ಹೆಜ್ಜೆ, ಹಿಮ್ಮಡಿ ಎತ್ತುವುದು, ಅರ್ಧ ಬಸ್ಕಿ, ನಾಲ್ಕು ಸಣ್ಣ ಜಿಗಿತ. ಗೆಜ್ಜೆ ಕಟ್ಟುವವರು ಇದನ್ನು ಗೆಜ್ಜೆ ಕಟ್ಟಿಕೊಂಡೇ ಮಾಡಿ, ಆ ತೂಕದ ಪರಿಚಯ ಕಾಲಿಗೆ ಆಗಬೇಕು.

ಇಷ್ಟೆಲ್ಲ ಮಾಡಿದರೆ ಪೆಟ್ಟಾಗುವುದೇ ಇಲ್ಲವೇ? ಹಾಗೆ ಭರವಸೆ ಕೊಟ್ಟರೆ ಸುಳ್ಳು ಹೇಳಿದಂತೆ. ನಾರ್ವೆಯಲ್ಲಿ 13ರಿಂದ 17 ವರ್ಷದ 1892 ಫುಟ್‌ಬಾಲ್ ಹುಡುಗಿಯರ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 20 ನಿಮಿಷಗಳ ಕ್ರಮಬದ್ಧ ವಾರ್ಮ್-ಅಪ್ ಮಾಡಿದ ಕ್ಲಬ್ಬುಗಳಲ್ಲಿ ಒಟ್ಟು ಗಾಯಗಳ ಅಪಾಯ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಮೂರರಲ್ಲಿ ಒಂದು ತಪ್ಪಿತು, ಎರಡು ಉಳಿದವು. ಆ ಕ್ರಮದಲ್ಲಿ ಓಟದ ಜೊತೆಗೆ ಸಮತೋಲನವೂ, ಜಿಗಿದು ನೆಲಕ್ಕಿಳಿಯುವಾಗ ಮೊಣಕಾಲು ಒಳಗೆ ವಾಲದಂತೆ ಪಾದದ ನೇರಕ್ಕೆ ಇರಿಸುವ ಅಭ್ಯಾಸವೂ ಇತ್ತು. ಅದು ಫುಟ್‌ಬಾಲ್, ನಮ್ಮದು ಕುಣಿತ. ಆದರೂ ಮೊಣಕಾಲು ಅದೇ ಅಲ್ಲವೇ?

ಆ ಹುಡುಗಿ ಮರುವರ್ಷ ಯುವಜನೋತ್ಸವದಲ್ಲಿ ಕುಣಿದಳು. ಅವಳ ತಂಡದವರು ಪತ್ರ ಬರೆದು ತಿಳಿಸಿದರು. ಬಹುಮಾನ ಬರಲಿಲ್ಲವಂತೆ, ಅದರ ಬಗ್ಗೆ ಪತ್ರದಲ್ಲಿ ಹೆಚ್ಚು ಕೊರಗೇನೂ ಇರಲಿಲ್ಲ. ಅಂದಿನಿಂದ ನನ್ನ ಚಿತ್ರೀಕರಣದ ವೇಳಾಪಟ್ಟಿಯಲ್ಲಿ ದೀಪ ಸಿದ್ಧವಾದ ಮೇಲೆ, ಕ್ಯಾಮೆರಾ ಓಡುವುದಕ್ಕೆ ಮೊದಲು, 'ಕಲಾವಿದರಿಗೆ 15 ನಿಮಿಷ' ಎಂಬ ಸಾಲೊಂದು ಇರುತ್ತದೆ. ದೀಪದವರು ಗೊಣಗುತ್ತಾರೆ. ಗೊಣಗಲಿ.

ನಿಮಗೆ ಯಾರೂ ಆ 15 ನಿಮಿಷವನ್ನು ತಾವಾಗಿ ಕೊಡಲಿಕ್ಕಿಲ್ಲ. ತಂಡದಲ್ಲಿ ಕುಣಿಯದ ಗೆಳೆಯನನ್ನೋ ಗೆಳತಿಯನ್ನೋ ವೇದಿಕೆಯ ಪಕ್ಕದಲ್ಲಿ ನಿಲ್ಲಿಸಿ. ನಿಮಗಿಂತ ಮೂರು ತಂಡ ಮುಂಚಿನವರ ಹೆಸರು ಕೂಗಿದ ಕೂಡಲೇ ಅವರು ಓಡಿ ಬಂದು ಹೇಳಲಿ. ಗ್ಯಾದರಿಂಗ್‌ನಲ್ಲಿ ಒಂದು ತಂಡಕ್ಕೆ ಐದಾರು ನಿಮಿಷ ಹಿಡಿಯುತ್ತದೆ, ಲೆಕ್ಕ ಸರಿಹೋಗುತ್ತದೆ. ನಡುವೆ ಭಾಷಣ ಶುರುವಾದರೆ ಮಾತ್ರ ಮತ್ತೆ ಕಂಬಳಿ ಹೊದೆಯಬೇಕಾದೀತು.